ಶೆಟ್ಟಿಹಳ್ಳಿ ಚರ್ಚ್‌ಗೆ ಜನ ಬಂದದ್ದು ಹೇಗೆ?

ಹಾಸನದಿಂದ ಸುಮಾರು 20 ಕಿ.ಮೀ. ದೂರದಲ್ಲಿ, ಹೇಮಾವತಿ ಹಿನ್ನೀರಿನ ಅಂಚಿನಲ್ಲಿ, ಚಾವಣಿ ಇಲ್ಲದ ಒಂದು ಚರ್ಚ್ ನಿಂತಿದೆ. ಒಳ್ಳೆ ಮಳೆಯಾಗಿ ಜಲಾಶಯ ತುಂಬಿದರೆ ಅದು ನೀರಿನಲ್ಲಿ ನಿಲ್ಲುತ್ತದೆ. ಬೇಸಿಗೆಯಲ್ಲಿ ನೀರು ಇಳಿದರೆ ಒಳಗೇ ನಡೆದು ಹೋಗಬಹುದು. ಅದನ್ನು ಕಟ್ಟಿಕೊಂಡಿದ್ದ ಊರು ಅಲ್ಲಿಂದ ಎದ್ದುಹೋಗಿ ದಶಕಗಳೇ ಕಳೆದಿವೆ. ಆದರೂ ರಜೆ ಬಂದರೆ ಬೆಂಗಳೂರು, ಮೈಸೂರಿನ ಕಾರು, ಬೈಕುಗಳು ಆ ದಾರಿ ಹಿಡಿಯುತ್ತವೆ. ಭಕ್ತರೇ ಇಲ್ಲದ ಚರ್ಚ್‌ಗೆ ಇಷ್ಟು ಜನ ಹೇಗೆ ಬಂದರು?

ಮೊದಲು ಅದು ಕಟ್ಟಿದ ಕಾಲಕ್ಕೆ ಹೋಗೋಣ. ಮೈಸೂರು ಸೀಮೆಗೂ ಫ್ರೆಂಚ್ ಪಾದ್ರಿಗಳಿಗೂ ಹಳೆಯ ನಂಟು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಲ್ಲಿಗೆ ಬಂದ ಅಬ್ಬೆ ದುಬೊಯಿ ಕ್ರೈಸ್ತ ರೈತರಿಗಾಗಿ ಬೇಸಾಯದ ನೆಲೆಗಳನ್ನು ಮಾಡಿದರು, ಸಿಡುಬಿನ ಲಸಿಕೆ ಹಾಕಿಸಲು ಓಡಾಡಿದರು. 1823ರಲ್ಲಿ ಅವರು ಫ್ರಾನ್ಸ್‌ಗೆ ಮರಳಿದರು. ಅದಾದ ಎಷ್ಟೋ ವರ್ಷಗಳ ನಂತರ, 1860ರ ದಶಕದಲ್ಲಿ, ಫ್ರೆಂಚ್ ಪಾದ್ರಿಗಳೇ ಶೆಟ್ಟಿಹಳ್ಳಿಯಲ್ಲಿ ಗಾಥಿಕ್ ಶೈಲಿಯ ಈ ಚರ್ಚ್ ಕಟ್ಟಿಸಿದರು. ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರು ಎಂಬ ಮಾತು ಈಗಲೂ ಜನರ ಬಾಯಲ್ಲಿದೆ. ಚರ್ಚ್‌ಗೆ ಇಟ್ಟ ಹೆಸರು ರೋಸರಿ ಚರ್ಚ್. ರೋಸರಿ ಎಂದರೆ ಜಪಮಾಲೆ.

ಆಗ ಚರ್ಚ್‌ಗೆ ಜನರನ್ನು ಕರೆಯಲು ಗಂಟೆ ಸಾಕಿತ್ತು. ಅದರ ಸದ್ದು ಎಷ್ಟು ದೂರ ಕೇಳುತ್ತದೋ ಅಷ್ಟು ದೂರದವರು ಬರುತ್ತಿದ್ದರು. ಅದರಾಚೆಗೆ ನೆಂಟರು, ಹಬ್ಬ, ಬಾಯಿಮಾತು. ಬಂದವರಿಗೆ ಅದು ಯಾರ ಚರ್ಚ್, ಒಳಗೆ ಹೇಗೆ ನಡೆದುಕೊಳ್ಳಬೇಕು ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆಮೇಲೆ ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂತು. 1979ರಲ್ಲಿ ಅದು ಪೂರ್ತಿಯಾಯಿತು. ಹಾಸನ, ಮಂಡ್ಯ, ತುಮಕೂರಿನ ಎಷ್ಟೋ ಹೊಲಗಳಿಗೆ ನೀರು ಸಿಕ್ಕಿತು. ಅದಕ್ಕಾಗಿ ಹಿನ್ನೀರಿನ ಹಳ್ಳಿಗಳು ಮನೆ, ಹೊಲ, ಗುಡಿ ಬಿಟ್ಟು ಎದ್ದವು. ಶೆಟ್ಟಿಹಳ್ಳಿಯವರು ಚರ್ಚನ್ನೂ ಬಿಟ್ಟುಹೋದರು. ಚಾವಣಿ ಹೋಯಿತು, ಗೋಡೆ, ಕಮಾನುಗಳು ಉಳಿದವು.

ಮುಂದೆ ಅದನ್ನು ಹೊರಗಿನವರಿಗೆ ತೋರಿಸಿದ್ದು ಚರ್ಚ್‌ನವರಲ್ಲ, ಕ್ಯಾಮೆರಾ ಹಿಡಿದ ಪ್ರವಾಸಿಗರು. ಮೊದಲು ಫೋಟೊ ತೆಗೆಯುವ ಹುಚ್ಚಿನವರು ಬಂದು ಬ್ಲಾಗ್‌ಗಳಲ್ಲಿ ಬರೆದರು. ನಂತರ ಫೇಸ್‌ಬುಕ್, 2010ರಲ್ಲಿ ಶುರುವಾದ ಇನ್‌ಸ್ಟಾಗ್ರಾಂ. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲಂತೂ ಕೈಯಲ್ಲಿ ಫೋನ್ ಇದ್ದವರೆಲ್ಲ ಅದನ್ನು ಹಂಚಿದರು. ನೀರಿನ ನಡುವಿನ ಕಮಾನು ನೋಡಿದವರಿಗೆ ತಾವೂ ಹೋಗಬೇಕು ಅನ್ನಿಸಿತು. ಗೂಗಲ್ ಮ್ಯಾಪ್ಸ್ ದಾರಿ ತೋರಿಸಿತು. ಒಂದು ರೂಪಾಯಿ ಜಾಹೀರಾತಿಲ್ಲದೆ ಚರ್ಚ್ ಪ್ರಸಿದ್ಧವಾಯಿತು.

ಹೀಗೆ ಪ್ರಸಿದ್ಧವಾಗುವಾಗ ಚರ್ಚ್‌ನ ಹೆಸರೇ ಬದಲಾಯಿತು. ಹೆಚ್ಚಿನವರಿಗೆ ಈಗ ಅದು ‘ಮುಳುಗುವ ಚರ್ಚ್’, ‘ತೇಲುವ ಚರ್ಚ್’. ಫೋಟೊದಲ್ಲಿ ಗೋಡೆ ಕಾಣುತ್ತದೆ, ನೀರು ಕಾಣುತ್ತದೆ. ಆ ಗೋಡೆಯೊಳಗೆ ಮದುವೆಯಾದವರು, ನಾಮಕರಣ ಮಾಡಿಸಿಕೊಂಡವರು, ಊರು ಬಿಟ್ಟವರು ಕಾಣುವುದಿಲ್ಲ. ಬಂದವರಿಗೂ ಅದು ದಿಕ್ಕಿಲ್ಲದ ಹಾಳು ಕಟ್ಟಡದಂತೆ ತೋರುತ್ತದೆ. ಗೋಡೆ ಹತ್ತುವವರು, ಹೆಸರು ಗೀಚುವವರು, ಬಾಟಲಿ ಬಿಟ್ಟುಹೋಗುವವರು ಅವರೊಳಗೇ ಇದ್ದಾರೆ. ವರ್ಷ ವರ್ಷ ನೆನೆದು ಒಣಗುವ ಗೋಡೆ ಮೊದಲೇ ಸಡಿಲ. ಈಚಿನ ವರ್ಷಗಳಲ್ಲಿ ಕೆಲವು ಭಾಗ ಕುಸಿದೂ ಇದೆ. ಹಾಗಾಗಿ ಇಲ್ಲಿ ಹೆಚ್ಚು ಜನ ಬಂದರು ಎಂಬುದಷ್ಟೇ ಒಳ್ಳೆಯ ಸುದ್ದಿ ಅಲ್ಲ.

ಹೋಲಿಕೆಗೆ ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಚರ್ಚ್ ನೋಡಿ. ಜನವರಿಯ ಜಾತ್ರೆಗೆ ಎಲ್ಲ ಧರ್ಮದವರೂ ಅಲ್ಲಿಗೆ ಹೋಗುತ್ತಾರೆ. 2016ರಲ್ಲಿ ಅದಕ್ಕೆ ಬಸಿಲಿಕಾ ಪಟ್ಟವೂ ಸಿಕ್ಕಿತು. ಅಲ್ಲಿ ಹಬ್ಬ ಯಾವಾಗ, ಯಾವ ಭಾಷೆಯ ಪೂಜೆ ಎಷ್ಟು ಗಂಟೆಗೆ ಎಂದು ಹೇಳಲು ಚರ್ಚ್‌ನವರೇ ಇದ್ದಾರೆ. ಶೆಟ್ಟಿಹಳ್ಳಿಗೆ ಹಾಗೆ ಹೇಳುವ ಊರು ಪಕ್ಕದಲ್ಲಿ ಉಳಿಯಲಿಲ್ಲ. ಹಾಗಾಗಿ ಅದರ ಪರವಾಗಿ ಯಾರು ಬೇಕಾದರೂ ಏನು ಬೇಕಾದರೂ ಹೇಳಿದರು.

ಒಂದು ಚರ್ಚ್, ಗುಡಿ, ದರ್ಗಾ ಅಥವಾ ಕೋಟೆಯನ್ನು ಅಂತರ್ಜಾಲದಲ್ಲಿ ಪರಿಚಯಿಸುವುದೆಂದರೆ ಚಂದದ ಫೋಟೊ ಹಾಕುವುದಷ್ಟೇ ಅಲ್ಲ ಎಂಬುದನ್ನು ಶೆಟ್ಟಿಹಳ್ಳಿಯಿಂದ ಕಲಿಯಬಹುದು. ಸರಿಯಾದ ಹೆಸರು ಇರಬೇಕು. ಯಾವ ತಿಂಗಳು ಹೋಗಬಹುದು, ಎಲ್ಲಿ ನೀರು ಅಪಾಯ, ಯಾವ ಗೋಡೆಯ ಹತ್ತಿರ ನಿಲ್ಲಬಾರದು ಎಂಬುದಿರಬೇಕು. ಎಲ್ಲಕ್ಕಿಂತ ಮೊದಲು ಅದು ಯಾರದಾಗಿತ್ತು ಎಂಬುದಿರಬೇಕು. ಗೂಗಲ್ ಮ್ಯಾಪ್ಸ್‌ನಲ್ಲಿ ತಪ್ಪು ಹೆಸರು ತಿದ್ದುವಂತೆ ಸೂಚಿಸಲು, ನಾಲ್ಕು ಸಾಲು ಕನ್ನಡದಲ್ಲಿ ಬರೆಯಲು, ಕನ್ನಡ ವಿಕಿಪೀಡಿಯಕ್ಕೆ ಮಾಹಿತಿ ಸೇರಿಸಲು ದುಡ್ಡು ಬೇಕಿಲ್ಲ, ಫೋನ್ ಸಾಕು.

ಆದರೆ ಊರವರ ಕಥೆ ಯಾವ ಮ್ಯಾಪ್‌ನಲ್ಲೂ ತಾನಾಗಿ ಬರುವುದಿಲ್ಲ. ಅಣೆಕಟ್ಟು ಮುಗಿದ 1979ರಲ್ಲಿ 20 ವರ್ಷದವರಾಗಿದ್ದವರಿಗೆ ಈಗ 65 ದಾಟಿದೆ. ಚರ್ಚ್‌ನ ಗಂಟೆ ಕೇಳಿದವರು, ಅಲ್ಲಿಂದ ಸಾಮಾನು ಹೊತ್ತು ಹೊರಟವರು ಅವರು. ಗೋಡೆಯ ಫೋಟೊಗಳು ಬೇಕಾದಷ್ಟಿವೆ. ಹಿನ್ನೀರಿನ ಊರುಗಳಿಂದ ಬಂದ ಅಜ್ಜ ಅಜ್ಜಿ ನಿಮ್ಮ ಮನೆಯಲ್ಲಿದ್ದರೆ ಈ ವಾರ ಪಕ್ಕದಲ್ಲಿ ಕುಳಿತು, ಅವರು ಒಪ್ಪಿದರೆ, ಅವರ ಮಾತನ್ನು ರೆಕಾರ್ಡ್ ಮಾಡಿಕೊಳ್ಳಿ.