ತ್ರುಟಿತ ಪಾಠದ ಒಂದು ಚಲಚ್ಚಿತ್ರ

ಅರ್ಥವಾಗದ ಚಿತ್ರವನ್ನು ಅರ್ಥವಾಗಲಿಲ್ಲವೆಂದು ಒಪ್ಪಿಕೊಳ್ಳುವುದಕ್ಕೆ ಸ್ವಲ್ಪ ಧೈರ್ಯ ಬೇಕು. ಸಾಹಿತ್ಯ, ಕಲೆ ಎಂದು ನಾಲ್ಕು ಜನರೆದುರು ಮಾತನಾಡುವವನಿಗಂತೂ ಅದು ಇನ್ನೂ ಕಷ್ಟ. ಆದರೂ ಹೇಳಿಬಿಡುತ್ತೇನೆ. ಪೋಲೆಂಡಿನ ನಿರ್ದೇಶಕ ಆಂದ್ಜೇಯ್ ಜುವಾವ್‌ಸ್ಕಿಯ ‘ಬೆಳ್ಳಿಯ ಗೋಳದ ಮೇಲೆ’ ಎಂಬ ವೈಜ್ಞಾನಿಕ ಕಲ್ಪನೆಯ ಚಿತ್ರವನ್ನು ಎರಡೂವರೆ ಗಂಟೆಗೂ ಹೆಚ್ಚು ಕಾಲ ಕುಳಿತು ನೋಡಿದೆ. ಮುಗಿದಾಗ ನನಗೆ ಅದರ ತಲೆಬುಡ ತಿಳಿದಿರಲಿಲ್ಲ. ತಾರ್ಕೋವ್‌ಸ್ಕಿಯ ‘ಸೊಲಾರಿಸ್’ಗೆ ದೊರೆತ ಪ್ರಸಿದ್ಧಿ ಈ ಚಿತ್ರಕ್ಕೆ ಎಂದೂ ದೊರೆಯಲಿಲ್ಲ; ಇದನ್ನು ನೋಡಿದವರು ಕಡಿಮೆ.

ಕಥೆಯ ಎಲುಬನ್ನು ಹೀಗೆ ಹೇಳಬಹುದು. ಭೂಮಿಯಿಂದ ಹೊರಟ ಕೆಲವರು ಬೇರೊಂದು ಗ್ರಹದಲ್ಲಿ ಇಳಿದು, ಅಲ್ಲಿಯೇ ಸಂತಾನವನ್ನು ಬೆಳೆಸುತ್ತಾರೆ. ಮಕ್ಕಳು ಬೇಗಬೇಗ ದೊಡ್ಡವರಾಗಿ, ಹಿರಿಯರ ಬದುಕನ್ನೇ ಪುರಾಣವಾಗಿ ಮಾಡಿಕೊಳ್ಳುತ್ತಾರೆ. ಬಹುಕಾಲದ ಮೇಲೆ ಭೂಮಿಯಿಂದ ಮಾರೆಕ್ ಎಂಬವನು ಬರುತ್ತಾನೆ. ಪಕ್ಷಿರೂಪದ ಶತ್ರುಗಳಿಂದ ತಮ್ಮನ್ನು ಬಿಡಿಸಲು ಬಂದ ಉದ್ಧಾರಕನೆಂದು ಜನ ಅವನನ್ನು ಬರಮಾಡಿಕೊಂಡು, ಕಡೆಗೆ ಶಿಲುಬೆಗೇರಿಸುತ್ತಾರೆ. ಇಷ್ಟನ್ನು ನಾನು ಆಮೇಲೆ ಕೂಡಿಸಿಕೊಂಡೆ. ನೋಡುವಾಗ ಕಂಡದ್ದು ಓಡುವ ಕ್ಯಾಮೆರಾ, ಕೂಗುವ ಮುಖಗಳು, ಬಿಡುವಿಲ್ಲದ ತತ್ತ್ವಚರ್ಚೆ. ಇದರ ನಡುವೆ ಇದ್ದಕ್ಕಿದ್ದಂತೆ ಆ ಗ್ರಹ ಮಾಯವಾಗುತ್ತದೆ. ತೆರೆಯ ಮೇಲೆ ಪೋಲೆಂಡಿನ ಸಾಧಾರಣ ಬೀದಿ. ಕೋಟು ತೊಟ್ಟ ಜನ ತಮ್ಮ ಪಾಡಿಗೆ ನಡೆದಿದ್ದಾರೆ. ಮರೆಯಿಂದ ಒಂದು ಧ್ವನಿ, ಇಲ್ಲಿ ನಡೆಯಬೇಕಾಗಿದ್ದ ದೃಶ್ಯ ಇಂಥದು ಎಂದು ವಿವರಿಸುತ್ತದೆ. ಮತ್ತೆ ಗ್ರಹ, ಮತ್ತೆ ಬೀದಿ. ಇದೇನು ಹುಚ್ಚಾಟವೆಂದು ನನಗೆ ಸಿಟ್ಟೇ ಬಂದಿತು.

ಆ ಸಿಟ್ಟು ಇಳಿದದ್ದು ಚಿತ್ರದ ಚರಿತ್ರೆಯನ್ನು ಓದಿದ ಮೇಲೆ. ಇದಕ್ಕೆ ಆಧಾರ ಯೆಜಿ ಜುವಾವ್‌ಸ್ಕಿ ಬರೆದ ಕಾದಂಬರಿ ತ್ರಯ. ಮೊದಲ ಸಂಪುಟ ಪುಸ್ತಕವಾಗಿ ಬಂದದ್ದು 1903ರಲ್ಲಿ, ಕೊನೆಯದು 1911ರಲ್ಲಿ. ಬೆಳ್ಳಿಯ ಗೋಳವೆಂದರೆ ಅಲ್ಲಿ ಚಂದ್ರ. ನಿರ್ದೇಶಕ ಈ ಲೇಖಕನ ಮನೆತನದವನೇ, ಸೋದರನ ಮೊಮ್ಮಗ. ಅವನ ‘ದೆವ್ವ’ ಎಂಬ ಚಿತ್ರವನ್ನು 1972ರಲ್ಲಿ ಸರ್ಕಾರ ತಡೆದಿದ್ದರಿಂದ ಅವನು ಫ್ರಾನ್ಸಿಗೆ ಹೋಗಿದ್ದ. ಅಲ್ಲಿ 1975ರಲ್ಲಿ ಗೆದ್ದ ಮೇಲೆ ತಾಯ್ನಾಡು ಮತ್ತೆ ಕರೆಯಿತು. 1976ರಲ್ಲಿ ಈ ಮಹಾಚಿತ್ರ ಮೊದಲಾಯಿತು. ಬಾಲ್ಟಿಕ್ ಕಡಲ ತೀರ, ವಿಯೆಲಿಚ್ಕಾದ ಉಪ್ಪಿನ ಗಣಿ, ಮಂಗೋಲಿಯದ ಗೋಬಿ ಮರುಭೂಮಿ, ಇವೆಲ್ಲ ಅನ್ಯಗ್ರಹದ ವೇಷ ತೊಟ್ಟವು.

ಸುಮಾರು ಐದರಲ್ಲಿ ನಾಲ್ಕು ಪಾಲು ಮುಗಿದಿತ್ತು. 1977ರಲ್ಲಿ, ಚಲಚ್ಚಿತ್ರದ ಹೊಣೆ ಹೊತ್ತಿದ್ದ ಸಂಸ್ಕೃತಿ ಇಲಾಖೆಯ ಉಪಮಂತ್ರಿ ಯಾನುಶ್ ವಿಲ್ಹೆಲ್ಮಿ ಕೆಲಸವನ್ನು ನಿಲ್ಲಿಸಿದ. ವೆಚ್ಚ ಮಿತಿಮೀರಿತೆಂಬುದು ಹೇಳಿದ ಕಾರಣ. ದಬ್ಬಾಳಿಕೆಯ ವಿರುದ್ಧ ಏಳುವ ಜನರ ಕಥೆಯಲ್ಲಿ ಅಧಿಕಾರ ತನ್ನ ಮುಖವನ್ನು ಕಂಡಿತೆಂಬುದು ಹಲವರು ನಂಬಿದ ಕಾರಣ. ರಂಗಸಜ್ಜು, ಉಡುಪುಗಳನ್ನು ನಾಶಮಾಡಬೇಕೆಂದು ಆಜ್ಞೆಯಾಯಿತು. ಕೆಲಸಗಾರರು ಅವುಗಳಲ್ಲಿ ಕೆಲವನ್ನು ಬಚ್ಚಿಟ್ಟರು. 1978ರ ಮಾರ್ಚಿಯಲ್ಲಿ ವಿಲ್ಹೆಲ್ಮಿ ಬಲ್ಗೇರಿಯದ ವಿಮಾನಾಪಘಾತದಲ್ಲಿ ಸತ್ತ. ಚಿತ್ರ ಮಾತ್ರ ಬದುಕಲಿಲ್ಲ. ನಿರ್ದೇಶಕ ಮತ್ತೆ ಫ್ರಾನ್ಸಿನ ದಾರಿ ಹಿಡಿದ.

ಹತ್ತು ವರ್ಷ ಕಳೆದು, ಕಾಲ ಸ್ವಲ್ಪ ಸಡಿಲವಾದಾಗ, ಅವನು ಹಿಂದಿರುಗಿ ಉಳಿದ ಸುರುಳಿಗಳನ್ನು ಕೈಗೆತ್ತಿಕೊಂಡ. ನಟರಿಗೆ ವಯಸ್ಸಾಗಿತ್ತು, ಕಳೆದದ್ದನ್ನು ಮತ್ತೆ ಕಟ್ಟುವಂತಿರಲಿಲ್ಲ. ಇಲ್ಲದ ದೃಶ್ಯಗಳ ಜಾಗದಲ್ಲಿ ಇಂದಿನ ಬೀದಿಯನ್ನಿಟ್ಟು, ತನ್ನ ಧ್ವನಿಯಲ್ಲೇ ಕಥೆ ಹೇಳಿದ. 1988ರಲ್ಲಿ ಕಾನ್ ಚಿತ್ರೋತ್ಸವ ಅದನ್ನು ಕಂಡಿತು.

ಶಾಸನಗಳನ್ನು ಸಂಪಾದಿಸುವ ವಿದ್ವಾಂಸರು, ಕಲ್ಲಿನ ಚಕ್ಕೆ ಎದ್ದುಹೋದ ಕಡೆ ತಮ್ಮ ಕಲ್ಪನೆಯನ್ನು ತುಂಬುವುದಿಲ್ಲ. ಚುಕ್ಕೆಗಳನ್ನಿಟ್ಟು, ತ್ರುಟಿತವೆಂದು ಗುರುತು ಮಾಡುತ್ತಾರೆ. ಜುವಾವ್‌ಸ್ಕಿಯ ಬೀದಿಗಳು ಆ ಚುಕ್ಕೆಗಳು. ಚಾತುರ್ಯದಿಂದ ಕತ್ತರಿಸಿ ಹೊಲಿದಿದ್ದರೆ ಸರಾಗವಾದ ಚಿತ್ರವೊಂದು ನಮಗೆ ಸಿಗುತ್ತಿತ್ತೇನೋ. ಆಗ 1977ರ ಆಜ್ಞೆಯ ಗುರುತೂ ಅಳಿಸಿಹೋಗುತ್ತಿತ್ತು. ಕಡಿದವನಿಗೆ ಅದಕ್ಕಿಂತ ಹೆಚ್ಚಿನ ಉಪಕಾರ ಯಾವುದು?

ಹಾಗೆಂದು ನನ್ನ ಗೊಂದಲದ ಭಾರವನ್ನೆಲ್ಲ ಆ ಉಪಮಂತ್ರಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಕತ್ತರಿ ತಾಗದ ಭಾಗಗಳೂ ನನಗೆ ಕಠಿಣವೇ. ಕವಿ ಬರೆದ ಒಗಟು ಬೇರೆ, ಗೆದ್ದಲು ತಿಂದ ಗರಿ ಬೇರೆ. ಈ ಚಿತ್ರದಲ್ಲಿ ಎರಡೂ ಒಟ್ಟಿಗಿವೆ. ಇವನ್ನು ಬಿಡಿಸಿ ನೋಡುವ ಕೆಲಸ ನೋಡುವವನದು. ಮೊದಲ ಸಲ ಕುಳಿತಾಗ ಆ ಕೆಲಸವನ್ನು ನಾನು ಮಾಡಿರಲಿಲ್ಲ.

ಮೊನ್ನೆ ಮತ್ತೊಮ್ಮೆ ನೋಡಿದೆ. ಕೊನೆಯಲ್ಲಿ ಅಂಗಡಿಯ ಗಾಜಿನ ಮೇಲೆ ನಿರ್ದೇಶಕನ ನೆರಳು ಮೂಡುತ್ತದೆ. ತನ್ನ ಹೆಸರು ಹೇಳಿ, ಈ ಚಿತ್ರವನ್ನು ಮಾಡಿದವನು ತಾನೆಂದು ತಿಳಿಸುತ್ತಾನೆ. ಮೊದಲ ಸಲ ಅದನ್ನು ಕಂಡು ಅಹಂಕಾರವೆಂದುಕೊಂಡಿದ್ದೆ. ಈ ಸಲ ಅದು, ಸುಟ್ಟ ಮನೆಯ ಬಾಗಿಲಲ್ಲಿ ನಿಂತು ಈ ಮನೆ ನನ್ನದೆಂದು ಹೇಳುವವನ ಮಾತಿನಂತೆ ಕೇಳಿಸಿತು. ಚಿತ್ರ ಇನ್ನೂ ನನಗೆ ಪೂರ್ತಿ ಅರ್ಥವಾಗಿಲ್ಲ. ಏಕೆ ಅರ್ಥವಾಗುವುದಿಲ್ಲವೆಂಬುದು ಮಾತ್ರ ಅರ್ಧದಷ್ಟಾದರೂ ತಿಳಿದಿದೆ.