ಪರಸ್ಥಳವೂ ಬಾಡಿಗೆಯ ಬಿಡಾರವೂ

ಒಂದು ಕಾಲದಲ್ಲಿ ಉಪ್ಪಿನಂಗಡಿ ತಾಲೂಕೆಂದು ಕರೆಯಲ್ಪಡುತ್ತಿದ್ದ ಸೀಮೆಯೊಳಗೇ ಇಂದಿನ ಪುತ್ತೂರು, ಸುಳ್ಯ, ಕಡಬ ಎಂಬ ಮೂರು ತಾಲೂಕುಗಳೂ ಅಡಗಿದ್ದುವು. ಘಟ್ಟದ ಬುಡದ ಈ ನಾಡಿನಲ್ಲಿ ಬಯಲುಸೀಮೆಯಂತೆ ಮನೆಗೆ ಮನೆ ತಾಗಿದ ಊರುಗಳಿಲ್ಲ. ಒಂದು ಮನೆಗೂ ಮತ್ತೊಂದಕ್ಕೂ ನಡುವೆ ಗುಡ್ಡವೋ, ತೋಡೋ, ಕಂಗಿನ ತೋಟವೋ ಇರುವುದು. ಭೂಮಿಯಿದ್ದವನಿಗೆ ಅದರ ನಡುವೆಯೇ ಮನೆ. ಇಲ್ಲದವನಿಗೆ ಒಡೆಯನ ಭೂಮಿಯ ಅಂಚಿನಲ್ಲಿ ಗುಡಿಸಲು. ವಾಸಕ್ಕೆಂದು ತಿಂಗಳು ತಿಂಗಳೂ ಹಣ ತೆರುವ ಪದ್ಧತಿಯು ಪೇಟೆಯ ನಾಲ್ಕು ಬೀದಿಗಳಿಂದಾಚೆಗೆ ಅಪರಿಚಿತವಾಗಿದ್ದಿತು. ಜನರು ಬಲ್ಲುದು ಗೇಣಿಯೊಂದನ್ನೇ. ಅದರಲ್ಲಿ ಮೂಲಗೇಣಿಯ ಒಕ್ಕಲು ತಲತಲಾಂತರಕ್ಕೂ ನಿಶ್ಚಿತವಾದ ಮೊತ್ತವನ್ನು ತೆತ್ತು ನಿಶ್ಚಿಂತನಾಗಿರುವವನು. ಚಾಲಗೇಣಿಯವನೋ ಒಡೆಯನು ಏಳೆಂದಾಗ ಏಳತಕ್ಕವನು. 1974ನೆಯ ಇಸವಿಯ ಮಾರ್ಚ್ 1ರಿಂದ ಗೇಣಿಯ ಭೂಮಿಯೆಲ್ಲ ಸರಕಾರಕ್ಕೆ ಸೇರಿ, ಉಳುವವನಿಗೆ ಹಕ್ಕು ದೊರೆಯುವ ಶಾಸನ ಜಾರಿಗೆ ಬಂದ ಮೇಲೆ ಗದ್ದೆತೋಟಗಳಲ್ಲಿ ಈ ಭೇದವು ಅಳಿಸಿಹೋಯಿತು. ಆದರೆ ಅದೇ ಭೇದವು ಮಹಾನಗರಗಳ ಕೋಣೆಗಳಲ್ಲಿ ಬೇರೆ ಹೆಸರುಗಳಿಂದ ಇಂದಿಗೂ ಬಾಳುತ್ತಿದೆ ಎಂಬುದನ್ನು ಊರು ಬಿಟ್ಟು ಹೋದವರ ಚರಿತ್ರೆಯು ತೋರಿಸುವುದು.

ಕೈಯಲ್ಲಿ ಕಾಸು ಕಡಮೆಯಿರುವ ಹೊಸಬನಿಗೆ ದೊಡ್ಡ ಪಟ್ಟಣವು ಹಿಡಿಸುವುದೇ ಎಂಬ ಪ್ರಶ್ನೆಯು ಈಗಿನವರದೆಂದು ಕೆಲವರು ತಿಳಿದಿರಬಹುದು. ಅದು ಬಹು ಹಳೆಯದು. ಮೈಸೂರಿನ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿ ವಿದ್ವಲ್ಲೋಕದ ಕಣ್ಣಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದರ ಎರಡು ಮುಖಗಳೂ ವಿಚಾರಿಸಲ್ಪಟ್ಟಿವೆ. ಬಾಡಿಗೆ ತೆತ್ತವನನ್ನು ಹೊರಗಟ್ಟಿದ ಒಡೆಯನಿಗೂ, ಬಿಡೆಂದ ಮೇಲೂ ಬಿಡದೆ ಕುಳಿತ ಬಿಡಾರದವನಿಗೂ ಸಮನಾಗಿ ಹನ್ನೆರಡು ಪಣಗಳ ದಂಡವನ್ನು ಮೂರನೆಯ ಅಧಿಕರಣವು ವಿಧಿಸುವುದು. ಕಳವು, ಬೈಗುಳ ಮುಂತಾದ ಕಾರಣಗಳಿದ್ದರೆ ಒಡೆಯನಿಗೆ ವಿನಾಯಿತಿಯುಂಟು. ಇದಕ್ಕಿಂತ ಹೆಚ್ಚಾಗಿ ಗಮನಿಸತಕ್ಕುದು ಎರಡನೆಯ ಅಧಿಕರಣದ ನಾಗರಿಕಪ್ರಕರಣದಲ್ಲಿದೆ. ಅಲ್ಲಿ ಕುಶಲಕರ್ಮಿಗಳು ತಮ್ಮವರನ್ನು ತಮ್ಮ ಕೆಲಸದ ಸ್ಥಳದಲ್ಲಿಯೇ ಇಳಿಸಿಕೊಳ್ಳಬಹುದೆಂದೂ, ವರ್ತಕರು ಒಬ್ಬರಿಗೊಬ್ಬರು ಹಾಗೆಯೇ ಎಡೆಗೊಡಬಹುದೆಂದೂ ಹೇಳಿದೆ. ಪರಸ್ಥಳಕ್ಕೆ ಬಂದವನಿಗೆ ಮೊದಲ ರಾತ್ರಿಯ ಚಾಪೆಯನ್ನು ಹಾಸುವವನು ಅವನ ಕಸುಬಿನವನೇ ಎಂಬ ಲೋಕಾನುಭವವು ಆ ಕಾಲಕ್ಕಾಗಲೇ ಶಾಸ್ತ್ರವಾಗಿತ್ತು.

1862ರಲ್ಲಿ ಉತ್ತರ ಕನ್ನಡವು ಮುಂಬಯಿ ಆಧಿಪತ್ಯಕ್ಕೆ ಸೇರಿತು. ದಕ್ಷಿಣ ಕನ್ನಡವು ಮದರಾಸಿನಲ್ಲಿಯೇ ಉಳಿಯಿತು. ಆದುದರಿಂದ ಇಂಗ್ಲಿಷ್ ವಿದ್ಯೆಗೂ ಸರಕಾರದ ನೌಕರಿಗೂ ಹೊರಟವರ ದಾರಿ ಮದರಾಸಿನ ಕಡೆಗೆ ತಿರುಗಿದ್ದಿತು. 1907ರಲ್ಲಿ ಮಂಗಳೂರಿಗೆ ರೈಲು ಬಂದ ಮೇಲೆ ಆ ದಾರಿ ಮತ್ತಷ್ಟು ಸುಗಮವಾಯಿತು. ಹೊಟ್ಟೆಪಾಡಿಗೆ ಹೊರಟವರಲ್ಲಿ ಹೆಚ್ಚಿನವರು ಮಾತ್ರ ಮುಂಬಯಿಯನ್ನೇ ಆರಿಸಿದರು. ಕಡಲ ತಡಿಯವರಿಗೆ ಮಂಗಳೂರಿನ ಬಂದರಿನಿಂದ ಉಗಿಹಡಗು ಇದ್ದಿತು, ಮಳೆಗಾಲದಲ್ಲಿ ಅದೂ ಇಲ್ಲ. ಘಟ್ಟದ ಬುಡದವನಿಗಾದರೋ ಮೊದಲು ಮಂಗಳೂರು ಮುಟ್ಟುವುದೇ ಒಂದು ಪ್ರಯಾಣ. ಕುಮಾರಧಾರೆಯೂ ನೇತ್ರಾವತಿಯೂ ಉಪ್ಪಿನಂಗಡಿಯಲ್ಲಿ ಕೂಡಿ ಹರಿಯುವ ಆ ಪ್ರದೇಶದಲ್ಲಿ 1923ರ ಮಹಾಪೂರದ ನೆನಪು ‘ಮಾರಿಬೊಳ್ಳ’ ಎಂಬ ತುಳು ಹೆಸರಿನಿಂದ ಬಹುಕಾಲ ಉಳಿದಿದ್ದಿತು. ಆ ವರ್ಷ ಮನೆಮಠಗಳನ್ನು ಕಳೆದುಕೊಂಡು ಜಿಲ್ಲೆಯನ್ನು ಬಿಟ್ಟವರೂ ಇದ್ದರು. ಒಟ್ಟಿನಲ್ಲಿ ಪುತ್ತೂರು ಸೀಮೆಯವರು ಉಡುಪಿ, ಕುಂದಾಪುರದವರಿಗಿಂತ ತಡವಾಗಿಯೂ ಕಡಮೆ ಸಂಖ್ಯೆಯಲ್ಲಿಯೂ ಹೊರಟವರು. ಆ ತಡದ ಫಲವನ್ನು ಮುಂದೆ ಅವರು ಉಣ್ಣಬೇಕಾಯಿತು. ಏಕೆಂದರೆ ಮಹಾನಗರದಲ್ಲಿ ಮೊದಲು ಬಂದವನೇ ಮೂಲಗೇಣಿದಾರನು.

ಇವರು ಕಂಡ ಮುಂಬಯಿಯು 1896ರ ಪ್ಲೇಗಿನಿಂದ ಬೆಂದ ಪಟ್ಟಣವು. ಆ ಮಾರಿಯ ಬಳಿಕ 1898ರಲ್ಲಿ ಸ್ಥಾಪಿತವಾದ ನಗರ ಸುಧಾರಣಾ ಟ್ರಸ್ಟು ಕೊಳೆತ ಕೇರಿಗಳನ್ನು ಕೆಡವಿ ಬೀದಿಗಳನ್ನು ಅಗಲ ಮಾಡಿತು. ಕೆಡವಿದಷ್ಟು ವೇಗದಲ್ಲಿ ಬಡವರಿಗೆ ಕಟ್ಟಿಕೊಡಲಿಲ್ಲ. ಕೂಲಿಕಾರರ ಬಹುಪಾಲು ಒಂದೇ ಕೋಣೆಯ ಚಾಳುಗಳಲ್ಲಿ ತುಂಬಿಕೊಂಡಿತು. ಆ ಕೋಣೆಯೂ ಹೊಸಬನಿಗೆ ಎಟುಕುತ್ತಿರಲಿಲ್ಲ. ಜಿಲ್ಲೆಯಿಂದ ಹೋದ ಹುಡುಗನು ಹೋಟೆಲಿನಲ್ಲಿ ಲೋಟ ತೊಳೆಯುವ ಕೆಲಸಕ್ಕೆ ನಿಂತರೆ ಊಟವೂ ಅಲ್ಲಿಯೇ, ನಿದ್ದೆಯೂ ಅಲ್ಲಿಯೇ. ರಾತ್ರಿ ಕಡೆಯ ಗಿರಾಕಿ ಎದ್ದು ಹೋದ ಮೇಲೆ ಬೆಂಚುಗಳನ್ನು ಜೋಡಿಸಿ ಮಲಗುವುದು, ಬೆಳಗಿನ ಕಾಫಿಗೆ ನೀರು ಕಾಯುವ ಮೊದಲೇ ಏಳುವುದು. ಸಂಬಳವು ಅಲ್ಪವೇ; ಆದರೆ ಬಾಡಿಗೆಯೆಂಬುದೇ ಇಲ್ಲದ್ದರಿಂದ ಆ ಅಲ್ಪದಲ್ಲಿಯೂ ಮನೆಗೆ ಮನಿಯಾರ್ಡರು ಹೋಗುತ್ತಿದ್ದಿತು. ಸ್ವಲ್ಪ ಮೇಲಿನ ಅಂತಸ್ತಿನ ಗುಮಾಸ್ತರು ನಾಲ್ಕೈದು ಮಂದಿ ಕೂಡಿ ಒಂದು ಖೋಲಿಯನ್ನು ಹಿಡಿದು, ಟ್ರಂಕುಗಳನ್ನು ಗೋಡೆಗೆ ಒತ್ತಿ, ಊಟಕ್ಕೆ ಬೋರ್ಡಿಂಗನ್ನು ಆಶ್ರಯಿಸುವರು. ಮಾಟುಂಗದಲ್ಲಿ ಎ. ರಾಮ ನಾಯಕರು 1942ರಲ್ಲಿ ತೆರೆದ ಶ್ರೀಕೃಷ್ಣ ಬೋರ್ಡಿಂಗು ಇಂತಹ ಊಟದ ಮನೆಗಳಲ್ಲಿ ಹೆಸರುವಾಸಿಯಾದುದು. ಕಲಿಯುವ ಹಂಬಲವಿದ್ದ ಹುಡುಗರಿಗೆ ರಾತ್ರಿಶಾಲೆಗಳು ಒದಗಿದುವು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯು 1908ರಲ್ಲಿಯೇ ರಾತ್ರಿಶಾಲೆಯನ್ನು ತೆರೆಯಿತು. ಹಿಂದೆ ಸಂಸ್ಕೃತ ಪಾಠಶಾಲೆಯ ವಟುಗಳು ವಾರಾನ್ನದಿಂದ ಹೊಟ್ಟೆ ಹೊರೆದು ದೇವಸ್ಥಾನದ ಜಗಲಿಯಲ್ಲಿ ಮಲಗಿ ತರ್ಕ ವ್ಯಾಕರಣಗಳನ್ನು ಕಲಿತಂತೆಯೇ ಇದೂ ಎಂದರೆ ತಪ್ಪಾಗದು. ಜಗಲಿಯಲ್ಲಿ ಗಾಳಿ ಬೆಳಕು ಯಥೇಚ್ಛವಾಗಿದ್ದಿತು ಎಂಬಷ್ಟೇ ವ್ಯತ್ಯಾಸ.

ಇಲ್ಲಿ ಲೆಕ್ಕಕ್ಕೆ ಬಾರದ ಒಂದು ವೆಚ್ಚವುಂಟು. ಹೋದವರು ಬಹುತೇಕ ಗಂಡಸರು. ಹೆಂಡತಿ ಮಕ್ಕಳನ್ನು ಕರೆದೊಯ್ಯಲು ಖೋಲಿಯಲ್ಲಿ ಎಡೆಯಿಲ್ಲ, ಕೈಯಲ್ಲಿ ಹಣವಿಲ್ಲ. ಅಳಿಯಸಂತಾನದ ಕಟ್ಟಿಗೆ ಸೇರಿದ ಬಂಟ, ಬಿಲ್ಲವ ಮುಂತಾದ ಮನೆತನಗಳಲ್ಲಿ ಹೆಣ್ಣು ತನ್ನ ತಾಯಿಯ ಕುಟುಂಬದ ಮನೆಯಲ್ಲಿಯೇ ಇರುವುದು ಹಿಂದಿನಿಂದ ಬಂದ ಮರ್ಯಾದೆಯಾಗಿದ್ದುದರಿಂದ ಈ ಅಗಲಿಕೆಯು ಹೊರನೋಟಕ್ಕೆ ಅಷ್ಟಾಗಿ ತೋರಲಿಲ್ಲ. ಗದ್ದೆಯ ಅಕ್ಕಿ, ಹಿತ್ತಿಲಿನ ತೆಂಗು, ಅಜ್ಜಿಯ ಆರೈಕೆ ಇವುಗಳಿಂದ ಮಕ್ಕಳು ಬೆಳೆದುವು. ಮುಂಬಯಿಯ ಯಜಮಾನನು ಒಬ್ಬಂಟಿಗನ ಹೊಟ್ಟೆಗೆ ಸಾಲುವಷ್ಟು ಸಂಬಳವನ್ನು ಕೊಟ್ಟು ಒಂದು ಸಂಸಾರದ ದುಡಿಮೆಗಾರನನ್ನು ಪಡೆದನು. ಉಳಿದುದನ್ನು ಊರಿನ ಕುಟುಂಬವು ತುಂಬಿಕೊಟ್ಟಿತು. ಮಹಾನಗರದ ಬಾಡಿಗೆಯಲ್ಲಿ ಒಂದು ಪಾಲನ್ನು ತೆತ್ತವರು ಎಂದೂ ಆ ನಗರವನ್ನು ನೋಡದ ಹೆಂಗಸರು. ಮುಂಬಯಿಯಲ್ಲಿ ಅಗ್ಗವಾಗಿ ಬದುಕಿದೆನೆಂದು ಹೇಳಿಕೊಳ್ಳುತ್ತಿದ್ದ ಹಿರಿಯರು ಈ ಪಾಲನ್ನು ಕೂಡಿಸಿ ಹೇಳುತ್ತಿದ್ದುದು ವಿರಳ.

ಕೋಣೆಗಳನ್ನು ಕಟ್ಟಿಬಿಟ್ಟರೆ ಕಷ್ಟವು ನೀಗುವುದೆಂಬ ನಂಬಿಕೆಯಿಂದ 1920ರ ದಶಕದಲ್ಲಿ ಮುಂಬಯಿಯ ಸರಕಾರವು ಅಭಿವೃದ್ಧಿ ಇಲಾಖೆಯೊಂದನ್ನು ನಿಯಮಿಸಿ ವರಳಿ, ನಾಯಗಾಂವ, ಡಿಲೈಲ್ ರಸ್ತೆ, ಶಿವಡಿಗಳಲ್ಲಿ 207 ಚಾಳುಗಳನ್ನು ಎಬ್ಬಿಸಿತು. ಒಂದೊಂದು ಕೋಣೆಯು 160 ಚದರಡಿಯದು. ಕಟ್ಟಡವೊಂದಕ್ಕೆ ಸುಮಾರು 80 ಕೋಣೆಗಳು. ಆಶ್ಚರ್ಯವೇನೆಂದರೆ, ಹಳೆಯ ಚಾಳುಗಳಲ್ಲಿ ಜನರು ಕಾಲು ಚಾಚಲೂ ಎಡೆಯಿಲ್ಲದೆ ನರಳುತ್ತಿದ್ದಾಗಲೇ ಈ ಹೊಸ ಕೋಣೆಗಳಲ್ಲಿ ಎಷ್ಟೋ ಮೊದಲ ವರ್ಷಗಳಲ್ಲಿ ಖಾಲಿ ಬಿದ್ದಿದ್ದುವು. ಬಾಡಿಗೆಯು ಹೆಚ್ಚಾಗಿತ್ತು, ಕೆಲವು ಕೆಲಸದ ಸ್ಥಳಕ್ಕೆ ದೂರವಾಗಿದ್ದುವು, ಕಾಂಕ್ರೀಟಿನ ಕಟ್ಟಡಗಳಲ್ಲಿ ಗಾಳಿ ಬೆಳಕು ಸಾಲದೆಂಬ ದೂರುಗಳಿದ್ದುವು. ಅದಿರಲಿ, ಸಾಲ ಕೊಡುವ ಅಂಗಡಿಯೂ, ಊರಿನ ಮಾತನಾಡುವ ನೆರೆಯೂ, ಜ್ವರ ಬಂದಾಗ ಗಂಜಿ ಕಾಸಿಕೊಡುವ ಕೈಯೂ ಇಲ್ಲದ ಕೋಣೆಯು ಹೊಸಬನಿಗೆ ಯಾವ ಬಾಡಿಗೆಗಾದರೂ ತುಟ್ಟಿಯೇ.

ಇದನ್ನು ಚೆನ್ನಾಗಿ ಅರಿತವರು ಕನ್ನಡ ಜಿಲ್ಲೆಗಳಿಂದ ಮುಂಬಯಿಗೆ ಗುಮಾಸ್ತಿಕೆಗೆ ಹೋದ ಚಿತ್ರಾಪುರ ಸಾರಸ್ವತರು. ಗಿರಗಾಂವದ ಕಡೆಯ ಚಾಳುಗಳಲ್ಲಿ ಬಾಡಿಗೆಗಿದ್ದ ಈ ಜನರಿಗೆ ಶ್ರೀಪಾದ ಸುಬ್ಬರಾವ್ ತಲ್ಮಕಿಯವರು ಸಹಕಾರದ ಮಾರ್ಗವನ್ನು ತೋರಿಸಿದರು. 1906ರಲ್ಲಿ ಶಾಮರಾವ್ ವಿಠಲ ಸಹಕಾರಿ ಸಂಘವು ಸಾಲ ಕೊಡಲೆಂದು ಹುಟ್ಟಿತು. 1915ರಲ್ಲಿ ಗಾಂವದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘವು ಸ್ಥಾಪಿತವಾಯಿತು. ಅಲ್ಲಿ ಮನೆಗಳ ಒಡೆತನವು ಸಂಘದ್ದು. ಸದಸ್ಯನು ತನ್ನ ಸಂಘಕ್ಕೆ ತಾನೇ ಬಾಡಿಗೆದಾರ. ಏಳೆನ್ನುವ ಒಡೆಯನೂ ಇಲ್ಲ, ಬಿಡದೆ ಕುಳಿತು ಪರರಿಗೆ ಮಾರುವ ಬಿಡಾರದವನೂ ಇಲ್ಲ. ಅದೇ ಕಾಲದಲ್ಲಿ ಪುತ್ತೂರಿನಲ್ಲಿ ಮೊಳಹಳ್ಳಿ ಶಿವರಾಯರು ಸಹಕಾರದ ಬೀಜವನ್ನು ಬಿತ್ತುತ್ತಿದ್ದರು. ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು 1914ರಲ್ಲಿ ಆರಂಭವಾದುದು ಪುತ್ತೂರಿನಲ್ಲಿಯೇ. ಆದರೆ ಅಲ್ಲಿನ ಸಹಕಾರವು ಬೆಳೆಗೂ ಬೇಸಾಯಕ್ಕೂ ಸಾಲವನ್ನು ಒದಗಿಸಿತೇ ವಿನಾ ಊರು ಬಿಟ್ಟು ಹೋಗುವವನ ಬೆನ್ನ ಹಿಂದೆ ಹೋಗಲಿಲ್ಲ. ಹೋಗಬೇಕೆಂದು ಯಾರೂ ಆಗ ಯೋಚಿಸಿದಂತೆ ತೋರುವುದಿಲ್ಲ.

ಸಾರಸ್ವತರ ಸಂಘವು ಸಾರಸ್ವತರಿಗೆ. 1925ರ ದಕ್ಷಿಣ ಕನ್ನಡ ಬ್ರಾಹ್ಮಣರ ಸಂಘವೂ, 1927ರ ಬಂಟರ ಸಂಘವೂ, 1932ರ ಬಿಲ್ಲವರ ಸಂಘವೂ ಹಾಗೆಯೇ ತಂತಮ್ಮವರಿಗೆ. ಇದರಿಂದಾದ ಉಪಕಾರವು ದೊಡ್ಡದು, ಅಲ್ಲಗಳೆಯಬಾರದು. ಆದರೆ ಸುಳ್ಯದ ಕಾಡಂಚಿನ ಗುಡಿಸಲಿನಿಂದ ಹೊರಟ ದಲಿತ ಯುವಕನಿಗೆ ಚಾಪೆ ಹಾಸುವವರು ಯಾರು? ಬ್ರಾಹ್ಮಣರ ಅಡುಗೆಮನೆಯಲ್ಲಿ ಅವನಿಗೆ ಕೆಲಸವಿಲ್ಲ. ಕೆಲಸವಿಲ್ಲದಲ್ಲಿ ಬೆಂಚೂ ಇಲ್ಲ. 1897ರಲ್ಲಿ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ನನ್ನು ಸ್ಥಾಪಿಸಿದ ಕುದ್ಮುಲ್ ರಂಗರಾಯರು ಶಾಲೆಯ ಜೊತೆಗೆ ವಾಸಕ್ಕೆ ನೆಲೆಯನ್ನೂ ಒದಗಿಸಲು ಹೆಣಗಿದುದು ಈ ಕಾರಣದಿಂದಲೇ. ನೆಲೆಯಿಲ್ಲದವನಿಗೆ ಅಕ್ಷರವೊಂದೇ ಸಾಲದೆಂಬುದನ್ನು ಅವರು ಕಂಡುಕೊಂಡಿದ್ದರು. ಇಂತಹ ನೆಲೆಯು ದೂರದ ಮುಂಬಯಿಯವರೆಗೆ ಚಾಚಲಿಲ್ಲ. ಇಂದಿಗೂ ಬಾಡಿಗೆಯ ಮನೆಯನ್ನು ಕೇಳಲು ಹೋದವನಿಗೆ ಸಂಬಳವೆಷ್ಟೆಂಬುದಕ್ಕಿಂತ ಮೊದಲು ಜಾತಿಯೇನು, ಮಾಂಸ ತಿನ್ನುವಿರೋ ಎಂಬ ಪ್ರಶ್ನೆಗಳು ಎದುರಾಗುವುದು ಸುಳ್ಳಲ್ಲ.

ಬಾಡಿಗೆದಾರರ ರಕ್ಷಣೆಗೆ ಶಾಸನಗಳೇನೋ ಬಂದುವು. ಮೊದಲ ಮಹಾಯುದ್ಧದ ಕಡೆಗೆ 1918ರಲ್ಲಿ ಒಂದು, ತರುವಾಯ 1947ರದು. ಎರಡನೆಯದು ಬಾಡಿಗೆಯನ್ನು 1940ರ ಸೆಪ್ಟೆಂಬರದ ಮಟ್ಟಕ್ಕೆ ಕಟ್ಟಿಹಾಕಿತು. ಆಗ ಖೋಲಿಯಲ್ಲಿದ್ದವನು ಒಂದೇ ರಾತ್ರಿಯಲ್ಲಿ ಮೂಲಗೇಣಿದಾರನಾದನು. ವರ್ಷಗಳು ಉರುಳಿದಂತೆ ಬಾಡಿಗೆಯು ನಾಮಮಾತ್ರವಾಯಿತು; ಒಡೆಯನು ದುರಸ್ತಿಯನ್ನು ಮರೆತನು; ಹೊಸಬರಿಗೆ ಮನೆ ಕೊಡುವ ಮನಸ್ಸೂ ಅವನಿಗೆ ಉಳಿಯಲಿಲ್ಲ. ಶಾಸನವು ನಿಷೇಧಿಸಿದ್ದ ‘ಪಗಡಿ’ಯು ಗುಟ್ಟಾಗಿ ಬೆಳೆಯಿತು. ಇದ್ದವನು ಎದ್ದು ಹೋಗಬೇಕಾದರೆ ಬರುವವನಿಂದ ದೊಡ್ಡ ಮೊತ್ತವೊಂದು ಕೈಸೇರಬೇಕು, ಒಡೆಯನಿಗೂ ಅದರಲ್ಲಿ ಪಾಲು ಸಲ್ಲಬೇಕು. 1999ರ ಮಹಾರಾಷ್ಟ್ರ ಶಾಸನವು ಕಡೆಗೆ ಪಗಡಿಯನ್ನು ಸಕ್ರಮವೆಂದೇ ಒಪ್ಪಿಕೊಂಡಿತು. ಹೀಗೆ ಒಬ್ಬ ಬಡವನನ್ನು ಕಾಯಲು ಎತ್ತಿದ ಗೋಡೆಯು ಅವನ ಹಿಂದಿನಿಂದ ಬಂದ ಬಡವನಿಗೆ ಅಡ್ಡವಾಯಿತು. ತಡವಾಗಿ ಹೊರಟ ಪುತ್ತೂರು, ಸುಳ್ಯದವರಲ್ಲಿ ಬಹು ಮಂದಿ ಈ ಗೋಡೆಯ ಹೊರಬದಿಯವರು.

ಹಾಗಾಗಿಯೂ ಅವರ ದಾರಿ ಬೆಂಗಳೂರಿನ ಕಡೆಗೆ ತಿರುಗಿರಬಹುದು. 1956ರಲ್ಲಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ರಾಜಧಾನಿಯೇ ಬದಲಾಯಿತು. 1979ರಲ್ಲಿ ಮಂಗಳೂರು ಹಾಸನ ರೈಲುಮಾರ್ಗವು ಪುತ್ತೂರನ್ನು ಹಾದು, ಸುಬ್ರಹ್ಮಣ್ಯದ ಬಳಿ ಘಟ್ಟವನ್ನೇರಿತು. 1996ರಲ್ಲಿ ಹಳಿ ಅಗಲಿಸಲೆಂದು ನಿಂತ ಪ್ರಯಾಣಿಕರ ಗಾಡಿಯು ಪುನಃ ಓಡಿದುದು 2007ರ ಕೊನೆಗೆ. ಆ ಹನ್ನೊಂದು ವರ್ಷಗಳಲ್ಲಿ ಶಿರಾಡಿ, ಸಂಪಾಜೆಗಳ ರಾತ್ರಿಯ ಬಸ್ಸುಗಳೇ ಗತಿ. 1986ರಲ್ಲಿ ಸುಳ್ಯದಲ್ಲಿ ಕುರುಂಜಿ ವೆಂಕಟರಮಣ ಗೌಡರ ಸಾಹಸದಿಂದ ಎಂಜಿನಿಯರಿಂಗ್ ಕಾಲೇಜು ತೆರೆದ ಬಳಿಕ ಪದವಿ ಪಡೆದು ಬೆಂಗಳೂರಿಗೆ ಹೊರಡುವವರಲ್ಲಿ ಹೆಣ್ಣುಮಕ್ಕಳೂ ಸೇರಿದರು. ಹಿಂದಿನ ಅಗಲಿಕೆಯು ಅಷ್ಟರಮಟ್ಟಿಗೆ ಕಡಮೆಯಾಯಿತು. ಆದರೆ ಬೆಂಗಳೂರಿನ ಬಾಗಿಲಿಗೆ ಬೇರೊಂದು ಅಗುಳಿಯುಂಟು: ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಇಡಿಸಿಕೊಳ್ಳುವ ಬಳಕೆ. 1999ರ ಕರ್ನಾಟಕ ಬಾಡಿಗೆ ಶಾಸನವು 2001ರ ಕೊನೆಯ ದಿನ ಜಾರಿಗೆ ಬಂದಿತು. ತಿಂಗಳಿಗೆ 3,500 ರೂಪಾಯಿ ಮೀರಿದ ವಾಸದ ಮನೆಗಳನ್ನು ಬೆಂಗಳೂರಿನಂತಹ ಪಟ್ಟಣಗಳಲ್ಲಿ ಅದು ಮುಟ್ಟುವುದಿಲ್ಲ. 2021ರಲ್ಲಿ ಕೇಂದ್ರ ಸರಕಾರವು ರಾಜ್ಯಗಳ ಮುಂದಿಟ್ಟ ಮಾದರಿ ಶಾಸನವು ಎರಡು ತಿಂಗಳ ಮುಂಗಡವೇ ಮಿತಿಯೆಂದಿತು. ಹತ್ತಕ್ಕೂ ಎರಡಕ್ಕೂ ನಡುವಿನ ಆ ಎಂಟು ತಿಂಗಳ ಹಣವನ್ನು ಹೊಸಬನು ಎಲ್ಲಿಂದ ತರುವನು? ಊರಿನ ಸಹಕಾರಿ ಸಂಘದಲ್ಲಿ ಅಡಕೆಯ ಮೇಲೆ ತಂದೆ ಎತ್ತಿದ ಸಾಲದಿಂದ, ತಾಯಿಯ ಬಳೆಯಿಂದ.

ಸುಳ್ಯದಿಂದಲೂ ಪುತ್ತೂರಿನಿಂದಲೂ ರಾತ್ರಿ ಹೊರಡುವ ಬಸ್ಸುಗಳ ಹೊಟ್ಟೆಯಲ್ಲಿ ಕುಚ್ಚಲಕ್ಕಿಯ ಮೂಟೆಗಳೂ, ಸುಲಿದ ತೆಂಗಿನಕಾಯಿಗಳೂ, ಹಪ್ಪಳದ ಕಟ್ಟುಗಳೂ ಹೆಸರು ಬರೆಯಿಸಿಕೊಂಡು ಬೆಂಗಳೂರಿಗೆ ಹೋಗುತ್ತಿರುವುವು. ಬೆಳಗಿನ ಜಾವ ಅವನ್ನಿಳಿಸಿಕೊಳ್ಳಲು ನಿಂತಿರುವವರಲ್ಲಿ ಹಿಂದಿನ ದಿನವಷ್ಟೇ ಊರಿನಿಂದ ಬಂದು, ಪರಿಚಿತರ ಕೋಣೆಯಲ್ಲಿ ಮೊದಲ ರಾತ್ರಿ ಕಳೆದವರೂ ಇರುವರು.