ಹೊಳೆಯ ತಳದಲ್ಲಿ ಹುಳ ಕಂಡರೆ ನೀರು ಕೆಟ್ಟಿದೆಯೇ?

‘ಹುಳ ಇದ್ದರೆ ನೀರು ಕೆಟ್ಟಿದೆ’ ಎಂಬ ಮಾತು ಅರ್ಧ ಮಾತ್ರ ನಿಜ. ಯಾವ ಹುಳ ಎಂಬುದೇ ಮುಖ್ಯ.

ಚಿಂಚೋಳಿಯ ಮುಲ್ಲಾಮಾರಿ ಕಾಗಿಣಾಕ್ಕೆ ಸೇರುತ್ತದೆ. ಸೇಡಂ, ಚಿತ್ತಾಪುರ ದಾಟಿದ ಕಾಗಿಣಾ ಶಹಾಬಾದ್ ಬಳಿ ಭೀಮೆಗೆ ಸೇರುತ್ತದೆ. ಇಂಥ ಹೊಳೆಗಳಲ್ಲಿ ತಳದ ಜೀವಿಗಳು ಎಲ್ಲೆಡೆ ಒಂದೇ ತೆರನಾಗಿರುವುದಿಲ್ಲ. ರಭಸದ ನೀರಿನ ಕಲ್ಲುಗಳಡಿ ಆಮ್ಲಜನಕ ಹೆಚ್ಚು. ಮೇಫ್ಲೈ ಎಂಬ ಕೀಟದ ಮರಿಗಳಿಗೆ ಅದೇ ಬೇಕು. ನಿಂತ ಮಡುವಿನ ಕೆಸರಿನಲ್ಲಿ ಅದು ಕಡಿಮೆ. ಕಚ್ಚದ ನುಸಿಯ ಕೆಂಪು ಮರಿಹುಳ ಹಿಮೋಗ್ಲೋಬಿನ್ ಬಲದಿಂದ ಅಲ್ಲಿಯೂ ಬದುಕುತ್ತದೆ. ಕೊಳಚೆ ಸೇರಿದರೆ ಮೊದಲನೆಯದು ಕಡಿಮೆಯಾಗಿ, ಎರಡನೆಯದು ಹೆಚ್ಚುತ್ತದೆ.

ನಾವು ಹೇಳುವುದಿಷ್ಟೇ: ಹುಳಗಳು ಹೊಳೆಯ ಆರೋಗ್ಯ ತಿಳಿಸುತ್ತವೆ, ಕುಡಿಯಬಹುದೇ ಎಂಬುದನ್ನಲ್ಲ. ಹುಳವೇ ಇಲ್ಲದ ತಿಳಿನೀರಿನಲ್ಲೂ ರೋಗಾಣು ಇರಬಹುದು. ಕುದಿಸಿ ಕುಡಿಯಿರಿ, ರಾಸಾಯನಿಕದ ಅನುಮಾನವಿದ್ದರೆ ಕುದಿಸಿದರೆ ಸಾಲದು, ನೀರನ್ನು ಪರೀಕ್ಷೆಗೆ ಕೊಡಿ.